ಕೆನ್‌ರೊಕುಯೆನ್‌ನಲ್ಲಿ ವಸಂತ: ನೀರಿನ ದಾರಿ ಹಿಡಿದು ತೋಟ ನೋಡುವುದು ಹೇಗೆ

ಜಪಾನಿನ ಕನಜಾವಾ ಊರಿನಲ್ಲಿರುವ ಕೆನ್‌ರೊಕುಯೆನ್ ತೋಟಕ್ಕೆ ಏಳು ಬಾಗಿಲುಗಳಿವೆ. ಬಸ್ಸಿನಿಂದ ಇಳಿದವರಲ್ಲಿ ಹೆಚ್ಚಿನವರು ಕತ್ಸುರಾಜಾಕಾ ಬಾಗಿಲಿನಿಂದ ಒಳಗೆ ಹೋಗುತ್ತಾರೆ. ಐದು ನಿಮಿಷ ನಡೆದರೆ ದೊಡ್ಡ ಕೊಳ, ಅದರ ದಡದಲ್ಲಿ ಎರಡು ಕಾಲಿನ ಕಲ್ಲುದೀಪ, ಅದರ ಮುಂದೆ ಫೋಟೊಗೆ ನಿಂತ ಉದ್ದನೆಯ ಸಾಲು. ನಾನೂ ಮೊದಲ ಸಲ ಹಾಗೇ ಹೋದೆ. ಏಪ್ರಿಲ್ ತಿಂಗಳ ಭಾನುವಾರ, ಬೆಳಗ್ಗೆ 11 ಗಂಟೆ, ಹೂವು ತುಂಬಿದ ಮರಗಳು, ಅದಕ್ಕಿಂತ ಜಾಸ್ತಿ ಜನ. ಎರಡು ಗಂಟೆ ಸುತ್ತಿದೆ. ಹೊರಗೆ ಬಂದಾಗ ಫೋನಿನಲ್ಲಿ ಫೋಟೊಗಳಿದ್ದವು, ಆದರೆ ತೋಟ ಹೇಗಿತ್ತು ಅಂತ ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಎರಡನೇ ಸಲ ಬೆಳಗಿನ ಜಾವ 5 ಗಂಟೆಗೆ ಬೇರೆ ಬಾಗಿಲಿನಿಂದ ಹೋದೆ. ತೋಟಕ್ಕೆ ನೀರು ಎಲ್ಲಿಂದ ಬರುತ್ತದೋ ಅಲ್ಲಿಂದ ಶುರುಮಾಡಿ, ಅದು ಹರಿದ ಕಡೆಗೇ ನಡೆದೆ. ಆವತ್ತು ತೋಟ ಅರ್ಥವಾಯಿತು. ಹಾಗೆ ನೋಡುವುದು ಹೇಗೆ ಅಂತ ಹೇಳಲು ಇದನ್ನು ಬರೆಯುತ್ತಿದ್ದೇನೆ. ಹೂವನ್ನು ಹುಡುಕಿಕೊಂಡು ಹೋಗಬೇಡಿ, ನೀರನ್ನು ಹಿಂಬಾಲಿಸಿ. ಹೂವು ದಾರಿಯಲ್ಲಿ ತಾನಾಗೇ ಸಿಗುತ್ತದೆ.

ಮೊದಲು ಈ ತೋಟದ ಬಗ್ಗೆ ಸ್ವಲ್ಪ ತಿಳಿದುಕೊಳ್ಳಿ

ಕನಜಾವಾ ಇರುವುದು ಜಪಾನ್ ಸಮುದ್ರದ ಕಡೆಯ ಇಶಿಕಾವಾ ಪ್ರಾಂತ್ಯದಲ್ಲಿ. ಎಡೊ ಕಾಲದಲ್ಲಿ, ಅಂದರೆ 1603ರಿಂದ 1868ರವರೆಗೆ, ಇದು ಮಯೆದಾ ಮನೆತನದ ಕೋಟೆಯೂರು. ಕೋಟೆಯ ಹೊರಗಿನ ಇಳಿಜಾರಿನಲ್ಲಿ ಐದನೇ ಒಡೆಯ ಮಯೆದಾ ತ್ಸುನನೋರಿ 1676ರಲ್ಲಿ ಒಂದು ಮನೆ ಕಟ್ಟಿಸಿ, ಸುತ್ತ ತೋಟ ಮಾಡಿಸಿದ. 1759ರ ಬೆಂಕಿಯಲ್ಲಿ ಅದು ಬಹುಪಾಲು ಸುಟ್ಟುಹೋಯಿತು. 1774ರಲ್ಲಿ ಮತ್ತೆ ಎದ್ದಿತು. 12ನೇ ಒಡೆಯ ನರಿನಾಗಾ ಇಳಿಜಾರಿನ ಮೇಲಿನ ಬಯಲಿನಲ್ಲಿ ತನಗೊಂದು ಅರಮನೆ ಕಟ್ಟಿಸಿಕೊಂಡ. ಅವನು ತೀರಿಕೊಂಡ ಮೇಲೆ ಮಗ ನರಿಯಾಸು ಆ ಅರಮನೆಯನ್ನು ತೆಗೆಸಿ, ಆ ಜಾಗವನ್ನೂ ತೋಟಕ್ಕೆ ಸೇರಿಸಿದ. ಹೀಗೆ ತೋಟ ಕೆಳಗಿನಿಂದ ಮೇಲಕ್ಕೆ ಬೆಳೆಯಿತು. ಇದೊಂದು ಮಾತು ನೆನಪಿಟ್ಟುಕೊಳ್ಳಿ, ನಡಿಗೆಯ ಹೊತ್ತಿಗೆ ಬೇಕಾಗುತ್ತದೆ. 1874ರಲ್ಲಿ ಬಾಗಿಲು ಸಾರ್ವಜನಿಕರಿಗೆ ತೆರೆಯಿತು. ಈಗ ಒಟ್ಟು ಜಾಗ ಸುಮಾರು 11.4 ಹೆಕ್ಟೇರು, ನಮ್ಮ ಲೆಕ್ಕದಲ್ಲಿ 28 ಎಕರೆ.

ಹೆಸರಿನ ಅರ್ಥ ಆರು ಗುಣ ಕೂಡಿದ ತೋಟ ಅಂತ. ಚೀನಾದ ಸೋಂಗ್ ಕಾಲದ ಒಂದು ಬರಹದಲ್ಲಿ ಒಳ್ಳೆಯ ತೋಟಕ್ಕೆ ಆರು ಗುಣ ಹೇಳಿದ್ದಾರೆ: ವಿಶಾಲ ಮತ್ತು ಏಕಾಂತ, ಮನುಷ್ಯನ ಕೈಕೆಲಸ ಮತ್ತು ಹಳೆಯತನ, ನೀರು ಮತ್ತು ದೂರದ ನೋಟ. ಇವು ಒಂದಕ್ಕೊಂದು ಒಗ್ಗದ ಜೋಡಿಗಳು. ಬಯಲಿದ್ದ ಕಡೆ ಏಕಾಂತ ಇರುವುದಿಲ್ಲ. ಈಗ ತಾನೇ ಮಾಡಿದ್ದರಲ್ಲಿ ಹಳೆಯತನ ಕಾಣುವುದಿಲ್ಲ. ನೀರು ತಗ್ಗಿನಲ್ಲಿ ನಿಲ್ಲುತ್ತದೆ, ನೋಟ ಎತ್ತರದಿಂದ ಸಿಗುತ್ತದೆ. ಆರೂ ಒಂದೇ ತೋಟದಲ್ಲಿ ಇವೆ ಅಂತ 1822ರಲ್ಲಿ ಈ ಹೆಸರು ಬಂತು. ಎತ್ತರದ ಗುಡ್ಡದ ಮೇಲೆ ಅಷ್ಟೊಂದು ನೀರು ಬಂದದ್ದು ಹೇಗೆ? ನನಗೆ ಇಡೀ ತೋಟದಲ್ಲಿ ಬಹಳ ಇಷ್ಟವಾದ ವಿಷಯ ಅದೇ. ಅದಕ್ಕೆ ಮುಂದೆ ಬರುತ್ತೇನೆ.

ದಿನ ಆರಿಸುವುದು

ವಸಂತ ಅಂದರೆ ನಮಗೆ ತಟ್ಟನೆ ಹೊಳೆಯುವುದು ಚೆರ್ರಿ, ಅಲ್ವಾ? ಆದರೆ ಇಲ್ಲಿ ವಸಂತ ಮೂರು ತಿಂಗಳು ನಡೆಯುತ್ತದೆ. ನಿಮಗೆ ಯಾವುದು ಬೇಕು ಅಂತ ಮೊದಲೇ ನಿರ್ಧರಿಸಿ.

ಮಾರ್ಚ್ ಮೊದಲರ್ಧದಲ್ಲಿ ಹೋದರೆ ಉಮೆ, ಅಂದರೆ ಜಪಾನಿ ಪ್ಲಮ್ ಹೂವು ಸಿಗುತ್ತದೆ. ತೋಟದ ಒಂದು ಮೂಲೆಯಲ್ಲಿ ಸುಮಾರು 200 ಉಮೆ ಮರಗಳಿವೆ. ಚೆರ್ರಿಗೆ ಹೇಳಿಕೊಳ್ಳುವಂಥ ವಾಸನೆ ಇಲ್ಲ, ಉಮೆಗೆ ಇದೆ. ಮುಖ್ಯವಾಗಿ ಜನ ಕಡಿಮೆ. ಆ ಹೊತ್ತಿಗೆ ಇನ್ನೂ ಒಂದು ನೋಟ ಉಳಿದಿರುತ್ತದೆ: ಯುಕಿತ್ಸುರಿ. ಕನಜಾವಾದ ಹಿಮ ಒದ್ದೆ ಹಿಮ, ಭಾರ ಜಾಸ್ತಿ, ಕೊಂಬೆ ಮುರಿಯುತ್ತದೆ. ಗೊನೆಯ ಭಾರಕ್ಕೆ ನಾವು ಬಾಳೆಗೆ ಕೆಳಗಿನಿಂದ ಊರುಗೋಲು ಕೊಡುತ್ತೇವೆ. ಇವರು ಮೇಲಿನಿಂದ ಹಿಡಿಯುತ್ತಾರೆ. ಮರದ ಪಕ್ಕ ಎತ್ತರದ ಕಂಬ ನಿಲ್ಲಿಸಿ, ಅದರ ತುದಿಯಿಂದ ಒಂದೊಂದು ಕೊಂಬೆಗೂ ಹುಲ್ಲಿನ ಹಗ್ಗ ಕಟ್ಟುತ್ತಾರೆ. ನವೆಂಬರ್ 1ರಂದು ಕಟ್ಟಲು ಶುರು, ಸಾಮಾನ್ಯವಾಗಿ ಮಾರ್ಚ್ 15ರಿಂದ ಬಿಚ್ಚಲು ಶುರು. ಕರಾಸಾಕಿ ಅನ್ನುವ ಒಂದು ಪೈನ್ ಮರಕ್ಕೇ ಐದು ಕಂಬ, ಸುಮಾರು 800 ಹಗ್ಗ. ಮೊದಲು ಕಟ್ಟುವುದು ಅದಕ್ಕೆ, ಕೊನೆಗೆ ಬಿಚ್ಚುವುದೂ ಅದರದ್ದೇ. ಮಾರ್ಚ್ ನಡುವೆ ಅಲ್ಲಿದ್ದರೆ ಮಾಲಿಗಳು ಕಂಬ ಹತ್ತಿ ಹಗ್ಗ ಇಳಿಸುವುದನ್ನು ತಪ್ಪದೆ ನೋಡಿ. ಆ ಊರಿಗೆ ವಸಂತ ಬಂತು ಅನ್ನುವುದಕ್ಕೆ ಅದೇ ಗುರುತು.

ಚೆರ್ರಿ ಅರಳುವುದು ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ಹತ್ತು ದಿನಗಳ ಒಳಗೆ. ಸುಮಾರು 40 ಬಗೆಯ 400 ಮರಗಳಿವೆ, ಅದರಲ್ಲಿ ಹೆಚ್ಚಿನ ಗದ್ದಲ ಸೊಮೆಯ್ ಯೋಶಿನೋ ತಳಿಯದ್ದು. ಈ ತಳಿಯ ಮರಗಳೆಲ್ಲ ಕಸಿ ಕಟ್ಟಿ ಬೆಳೆಸಿದವು, ಒಂದೇ ಮರದ ತುಂಡುಗಳಿದ್ದ ಹಾಗೆ. ಅದಕ್ಕೇ ಒಂದು ಊರಿನ ಮರಗಳೆಲ್ಲ ಒಟ್ಟಿಗೆ ಅರಳುತ್ತವೆ, ಒಟ್ಟಿಗೆ ಉದುರುತ್ತವೆ. ಮುನ್ಸೂಚನೆ ಓದುವಾಗ ಎರಡು ಪದ ಗೊತ್ತಿರಲಿ. ಕೈಕಾ ಅಂದರೆ ಗುರುತಿಟ್ಟ ಮರದಲ್ಲಿ ಐದಾರು ಹೂವು ಬಿಟ್ಟ ದಿನ. ಮನ್‌ಕಾಯ್ ಅಂದರೆ ಮೊಗ್ಗುಗಳಲ್ಲಿ ಶೇಕಡಾ 80 ಅರಳಿದ ದಿನ. ಇವೆರಡರ ನಡುವೆ ಐದರಿಂದ ಏಳು ದಿನ. ಮನ್‌ಕಾಯ್ ಆದ ವಾರದೊಳಗೆ ಗಾಳಿ ಮಳೆ ಬಂದರೆ ಮುಗಿಯಿತು. ಕೈಕಾ ಘೋಷಣೆ ನೋಡಿ ಅವಸರ ಪಡಬೇಡಿ. ಆವತ್ತು ಮರ ಬೋಳಾಗಿಯೇ ಕಾಣುತ್ತದೆ.

ದೂರದಿಂದ ಹೋಗುವ ನಮಗೆ ಹೂವಿನ ದಿನಕ್ಕೆ ಸರಿಯಾಗಿ ಟಿಕೆಟ್ ಮಾಡಲು ಆಗುವುದಿಲ್ಲ. ಅದಕ್ಕೆ ನನ್ನ ಸಲಹೆ ಇದು: ಏಪ್ರಿಲ್ ಮೊದಲ ವಾರ ಜಪಾನಿನಲ್ಲಿ ಇರುವ ಹಾಗೆ ನೋಡಿಕೊಳ್ಳಿ. ಕನಜಾವಾವನ್ನು ಪ್ರವಾಸದ ನಡುವೆ ಇಟ್ಟುಕೊಳ್ಳಿ. ರೂಮು ಬುಕ್ ಮಾಡುವಾಗ ದಿನ ಬದಲಿಸಲು ಬಿಡುವಂಥದ್ದನ್ನೇ ಮಾಡಿ. ಟೋಕಿಯೋದಲ್ಲಿ ಸಾಮಾನ್ಯವಾಗಿ ಇಲ್ಲಿಗಿಂತ ಕೆಲವು ದಿನ ಮೊದಲೇ ಅರಳುತ್ತದೆ. ಅಲ್ಲಿ ಉದುರಲು ಶುರುವಾದಾಗ ರೈಲು ಹತ್ತಿದರೆ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ.

ಹೂವು ಜೋರಾಗಿರುವ ಒಂದು ವಾರ ತೋಟಕ್ಕೆ ಪ್ರವೇಶ ಉಚಿತ, ರಾತ್ರಿ ದೀಪವೂ ಇರುತ್ತದೆ. ಆ ದಿನಗಳನ್ನು ಹೂವಿನ ಸ್ಥಿತಿ ನೋಡಿ ಕೆಲವೇ ದಿನ ಮುಂಚೆ ಪ್ರಕಟಿಸುತ್ತಾರೆ. ದುಡ್ಡು ಉಳಿಯುತ್ತದೆ ಅಂತ ಇದಕ್ಕಾಗಿ ಕಾಯಬೇಡಿ. ಟಿಕೆಟ್ಟಿಗೆ ದುಡ್ಡು ಕೊಟ್ಟು ನೆಮ್ಮದಿಯಾಗಿ ನೋಡುವುದೇ ಮೇಲು.

ತಡವಾಯಿತು ಅಂತ ಬೇಜಾರು ಮಾಡಿಕೊಂಡವರಿಗೆ ಒಂದು ಒಳ್ಳೆಯ ಸುದ್ದಿ. ಏಪ್ರಿಲ್ ಕೊನೆಯಲ್ಲಿ ಇಲ್ಲಿ ಕಿಕುಜಾಕುರಾ ಅರಳುತ್ತದೆ. ಸೇವಂತಿಗೆ ಚೆರ್ರಿ ಅನ್ನಬಹುದು, ಯಾಕೆಂದರೆ ಒಂದೊಂದು ಹೂವಿನಲ್ಲೂ 300ಕ್ಕಿಂತ ಜಾಸ್ತಿ ಎಸಳು. ಮೊಗ್ಗಿನಲ್ಲಿ ಕಡುಗೆಂಪು, ಅರಳಿದಾಗ ತಿಳಿಗುಲಾಬಿ, ಮುದಿಯಾದಾಗ ಬಿಳಿ. ಉದುರುವುದೂ ಎಸಳೆಸಳಾಗಿ ಅಲ್ಲ, ತೊಟ್ಟಿನ ಸಮೇತ ಇಡೀ ಹೂವಾಗಿ. ಮೂಲ ಮರ 1970ರಲ್ಲಿ ಸತ್ತಿತು. ಈಗ ಇರುವುದು ಅದರ ಕಸಿಯಿಂದ ಬೆಳೆದ ಎರಡನೇ ತಲೆಮಾರು. ಈ ಮರ ನೋಡುವ ಆಸೆ ಇದ್ದರೆ ಏಪ್ರಿಲ್ 29ರ ಸುಮಾರಿಗೆ ಶುರುವಾಗುವ ಜಪಾನಿನ ಸಾಲುರಜೆಗೆ ಮುಂಚೆ ಹೋಗಿ. ಮೇ ತಿಂಗಳಲ್ಲಿ ತೊರೆಯ ಅಂಚಿಗೆ ನೇರಳೆ ಐರಿಸ್ ಹೂವು, ಗುಡ್ಡಗಳಲ್ಲಿ ಅಜೇಲಿಯಾ.

ಅಲ್ಲಿಗೆ ತಲುಪುವುದು

ಭಾರತೀಯ ಪಾಸ್‌ಪೋರ್ಟಿಗೆ ವೀಸಾ ಬೇಕು. ವಸಂತಕ್ಕೆ ಅರ್ಜಿಗಳು ಜಾಸ್ತಿ, ಕೊನೆಯ ವಾರಕ್ಕೆ ಬಿಡಬೇಡಿ. ಬೆಂಗಳೂರಿನಿಂದ ಟೋಕಿಯೋದ ನರಿತಾಕ್ಕೆ ನೇರ ವಿಮಾನ ಇದೆ. ಟೋಕಿಯೋ ಸ್ಟೇಷನ್ನಿನಿಂದ ಹೊಕುರಿಕು ಶಿಂಕನ್‌ಸೆನ್, ಅಂದರೆ ಬುಲೆಟ್ ರೈಲು ಹಿಡಿಯಿರಿ. ಕಗಯಾಕಿ ಅನ್ನುವ ಗಾಡಿ ಸುಮಾರು ಎರಡೂವರೆ ಗಂಟೆಯಲ್ಲಿ ಕನಜಾವಾ ಮುಟ್ಟಿಸುತ್ತದೆ. ಅದರಲ್ಲಿ ಎಲ್ಲ ಸೀಟುಗಳೂ ರಿಸರ್ವ್ ಆದವು, ಹಾಗಾಗಿ ಮೊದಲೇ ಸೀಟು ತೆಗೆದುಕೊಳ್ಳಿ. ಒಸಾಕಾ ಅಥವಾ ಕ್ಯೋಟೋ ಕಡೆಯಿಂದ ಬರುವವರು ಥಂಡರ್‌ಬರ್ಡ್ ರೈಲಿನಲ್ಲಿ ತ್ಸುರುಗಾವರೆಗೆ ಬಂದು, ಅಲ್ಲಿ ಶಿಂಕನ್‌ಸೆನ್‌ಗೆ ಬದಲಿಸಬೇಕು. 2024ರ ಮಾರ್ಚ್‌ನಿಂದ ಹೀಗೆ. ಹಳೆಯ ಪ್ರವಾಸ ಪುಸ್ತಕಗಳಲ್ಲಿ ನೇರ ರೈಲು ಅಂತ ಇರುತ್ತದೆ, ಅದನ್ನು ನಂಬಿ ಕೂರಬೇಡಿ.

ಟೋಕಿಯೋದಿಂದ ಒಂದೇ ದಿನದಲ್ಲಿ ಹೋಗಿಬರಬಹುದು. ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಈ ತೋಟದ ಒಳ್ಳೆಯ ಹೊತ್ತು ಮೊದಲ ರೈಲು ಬರುವ ಮುಂಚೆಯೇ ಕಳೆದುಹೋಗುತ್ತದೆ. ಕಡಿಮೆ ಅಂದರೆ ಒಂದು ರಾತ್ರಿ ಉಳಿಯಿರಿ. ಎಲ್ಲಿ ಉಳಿಯುತ್ತೀರಿ ಅನ್ನುವುದೂ ಮುಖ್ಯ. ಸ್ಟೇಷನ್ ಹತ್ತಿರ ರೂಮುಗಳು ಜಾಸ್ತಿ, ಆದರೆ ಅಲ್ಲಿಂದ ತೋಟಕ್ಕೆ ನಡೆದರೆ ಅರ್ಧ ಗಂಟೆ, ಬೆಳಗಿನ ಜಾವ ಬಸ್ಸು ಇರುವುದಿಲ್ಲ. ಕೊರಿನ್‌ಬೋ, ಕತಮಾಚಿ ಅನ್ನುವ ಪೇಟೆ ಭಾಗದಲ್ಲಿ ಉಳಿದರೆ ಕಾಲು ಗಂಟೆಯ ನಡಿಗೆ. ಹಗಲಿನಲ್ಲಾದರೆ ಸ್ಟೇಷನ್ನಿನಿಂದ ಊರು ಸುತ್ತುವ ಲೂಪ್ ಬಸ್ಸುಗಳಿವೆ, ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ.

ಬಟ್ಟೆಯ ವಿಷಯ. ಏಪ್ರಿಲ್ ಮೊದಲ ವಾರದ ಮುಂಜಾನೆ 5–6 ಡಿಗ್ರಿ ಇರಬಹುದು, ಮಧ್ಯಾಹ್ನ 15ರ ಆಸುಪಾಸು. ಒಳಗೊಂದು ಬೆಚ್ಚನೆಯ ಪದರ, ಮೇಲೆ ಗಾಳಿ ತಡೆಯುವ ಜಾಕೆಟ್ ಸಾಕು. ಕಾಲಿಗೆ ಶೂ ಇರಲಿ, ದಾರಿಯೆಲ್ಲ ಸಣ್ಣ ಜಲ್ಲಿ, ಇಳಿಜಾರು. ಒಳ್ಳೆಯ ಸಾಕ್ಸ್ ಹಾಕಿ, ಚಹಾ ಮನೆಯಲ್ಲಿ ಶೂ ಬಿಚ್ಚಬೇಕು. ಇನ್ನು ಕೊಡೆ. ಬುತ್ತಿ ಮರೆತರೂ ಕೊಡೆ ಮರೆಯಬೇಡ ಅನ್ನುವ ಗಾದೆ ಆ ಊರಿನವರ ಬಾಯಲ್ಲಿ ಇದೆ. ಬೆಳಗ್ಗೆ ಬಿಸಿಲು ನೋಡಿ ಕೊಡೆ ಬಿಟ್ಟು ಹೋಗಿ ನಾನು ಎರಡು ಸಲ ನೆನೆದಿದ್ದೇನೆ. ಮಳೆ ಬಂದರೆ ಕಾರ್ಯಕ್ರಮ ಬದಲಿಸಬೇಡಿ. ಪಾಚಿಯ ಹಸಿರು ನಿಜವಾಗಿ ಕಾಣುವುದು ಮಳೆಯಲ್ಲೇ.

ಬೆಳಗಿನ ಬಾಗಿಲು

ಮಾರ್ಚ್‌ನಿಂದ ಅಕ್ಟೋಬರ್ ನಡುವಿನವರೆಗೆ ತೋಟದ ಸಮಯ ಬೆಳಗ್ಗೆ 7ರಿಂದ ಸಂಜೆ 6. ವರ್ಷವಿಡೀ ರಜೆ ಇಲ್ಲ. 2024ರಲ್ಲಿ ಟಿಕೆಟ್ ದೊಡ್ಡವರಿಗೆ 320 ಯೆನ್, 6ರಿಂದ 17 ವರ್ಷದವರಿಗೆ 100 ಯೆನ್ ಇತ್ತು. 65 ದಾಟಿದವರಿಗೆ ವಯಸ್ಸಿನ ದಾಖಲೆ ತೋರಿಸಿದರೆ ಉಚಿತ, ಪಾಸ್‌ಪೋರ್ಟ್ ಕೈಯಲ್ಲಿರಲಿ.

ಇಷ್ಟು ಎಲ್ಲರಿಗೂ ಗೊತ್ತು. ಹೆಚ್ಚಿನವರಿಗೆ ಗೊತ್ತಿಲ್ಲದ್ದು ಇದು: ತೋಟ ಅದಕ್ಕೂ ಮುಂಚೆಯೇ, ದುಡ್ಡಿಲ್ಲದೆ ತೆರೆದಿರುತ್ತದೆ. ಮಾರ್ಚ್‌ನಲ್ಲಿ ಬೆಳಗ್ಗೆ 5ರಿಂದ, ಏಪ್ರಿಲ್‌ನಿಂದ ಆಗಸ್ಟ್‌ವರೆಗೆ 4ರಿಂದ. ಏಳೂ ಬಾಗಿಲು ತೆರೆಯುವುದಿಲ್ಲ, ರೆನ್‌ಚಿಮೊನ್ ಮತ್ತು ಜುಯಿಶಿನ್‌ಜಾಕಾ ಎರಡೇ. ಒಂದು ನಿಯಮ ಇದೆ: 6.45ರ ಒಳಗೆ ಹೊರಗೆ ಬರಬೇಕು. ಉಚಿತವಾಗಿ ಹೋಗಿ ಒಳಗೇ ಉಳಿದುಬಿಡುವುದು ಸರಿಯಲ್ಲ. ಆ ಊರಿನ ಹಿರಿಯರು ದಿನಾ ಬೆಳಗ್ಗೆ ಅಲ್ಲಿ ನಡೆಯುತ್ತಾರೆ. ಅವರು ನಂಬಿಕೆ ಉಳಿಸಿಕೊಂಡಿರುವುದರಿಂದಲೇ ಆ ಬಾಗಿಲು ತೆರೆದಿದೆ. ಎದುರು ಸಿಕ್ಕರೆ ಒಹಾಯೋ ಗೊಜಾಯಿಮಸು (ಶುಭೋದಯ) ಅಂತ ಸ್ವಲ್ಪ ತಲೆ ಬಾಗಿಸಿ ಹೇಳಿ, ಅಷ್ಟು ಸಾಕು.

ಏಪ್ರಿಲ್ ಮೊದಲ ವಾರ ಅಲ್ಲಿ ಸೂರ್ಯ ಹುಟ್ಟುವುದು 5.30ರ ಸುಮಾರಿಗೆ. 5ಕ್ಕೆ ಬಾಗಿಲಲ್ಲಿದ್ದರೆ ಒಂದೂವರೆ ಗಂಟೆ ನಿಮ್ಮದು.

ನಡಿಗೆ: ನೀರಿನ ಜೊತೆಗೆ

ಜುಯಿಶಿನ್‌ಜಾಕಾ ಬಾಗಿಲಿನಿಂದ ಮೇಲೆ ಹತ್ತಿ. ಮೊದಲು ಸಿಗುವುದು ಉಮೆ ತೋಪು. ಅಲ್ಲಿ ನಿಲ್ಲದೆ, ತೋಟದ ತೀರಾ ಹಿಂದಿನ ಮೂಲೆಗೆ ನಡೆಯಿರಿ. ಕೊದಾತ್ಸುನೋ ಬಾಗಿಲಿನ ಪಕ್ಕ ಯಮಾಜಾಕಿಯಾಮಾ ಅನ್ನುವ ಪುಟ್ಟ ಗುಡ್ಡ ಇದೆ. ಮರಗಳು ಒತ್ತಾಗಿ ಬೆಳೆದು ಬೆಳಕು ಕಡಿಮೆ. ಆ ಗುಡ್ಡದ ಬುಡದಿಂದ ನೀರು ಹೊರಗೆ ಬರುತ್ತದೆ. ಇಲ್ಲಿ ಐದು ನಿಮಿಷ ನಿಂತುಕೊಳ್ಳಿ.

ಇದು ಸಾಯ್ ನದಿಯ ನೀರು. 1631ರಲ್ಲಿ ಕೋಟೆಗೆ ಬೆಂಕಿ ಬಿತ್ತು. ಆರಿಸಲು ಎತ್ತರದಲ್ಲಿ ನೀರಿರಲಿಲ್ಲ. ಮರುವರ್ಷ, 1632ರಲ್ಲಿ, ಇತಾಯಾ ಹೆಯ್‌ಶಿರೋ ಅನ್ನುವವನು ನದಿಯ ಮೇಲ್ಭಾಗದಿಂದ ಹತ್ತು ಕಿಲೋಮೀಟರಿಗೂ ಉದ್ದದ ಕಾಲುವೆ ತಂದ. ಕೆಲವು ಕಡೆ ಗುಡ್ಡ ಕೊರೆದು, ಉಳಿದ ಕಡೆ ಬಯಲಿನಲ್ಲಿ. ಅದರ ಹೆಸರು ತತ್ಸುಮಿ ಕಾಲುವೆ. ಪಂಪಿಲ್ಲ, ಇಳಿಜಾರಿನ ಲೆಕ್ಕವೊಂದೇ. ಇನ್ನೂ ದೊಡ್ಡ ಕೆಲಸ ಮುಂದೆ ಇತ್ತು. ತೋಟಕ್ಕೂ ಕೋಟೆಗೂ ನಡುವೆ ಆಳದ ಕಂದಕ. ನೀರು ಕಂದಕಕ್ಕೆ ಇಳಿದು ಆಚೆ ಮತ್ತೆ ಹತ್ತಬೇಕು. ಗಾರೆ ಕೆಲಸದವರು ಗೋಡೆಯ ಮಟ್ಟ ನೋಡಲು ಉದ್ದದ ಟ್ಯೂಬಿನಲ್ಲಿ ನೀರು ತುಂಬಿ ಎರಡು ತುದಿ ಹಿಡಿಯುತ್ತಾರಲ್ಲ, ಅದೇ ಉಪಾಯ. ಟ್ಯೂಬು ನಡುವೆ ಎಷ್ಟೇ ಜೋತುಬಿದ್ದರೂ ಎರಡು ಕಡೆಯ ನೀರು ಒಂದೇ ಮಟ್ಟಕ್ಕೆ ಬರುತ್ತದೆ. ಮುಚ್ಚಿದ ಕೊಳವೆಯಲ್ಲಿ ನೀರನ್ನು ಕೆಳಗಿಳಿಸಿ ಕೋಟೆಗೆ ಹತ್ತಿಸಿದರು. ಬೆಂಕಿಗಾಗಿ ತಂದ ನೀರಿನಿಂದಲೇ ಮುಂದೆ ಈ ತೋಟ ಹುಟ್ಟಿತು.

ಇನ್ನು ನೀರಿನ ಜೊತೆ ಹೊರಡಿ. ತೊರೆ ಬಯಲಿಗೆ ಬಂದು ಮೆಲ್ಲಗೆ ಬಳುಕುತ್ತಾ ಹರಿಯುತ್ತದೆ. ಸ್ವಲ್ಪ ಮುಂದೆ ಹನಾಮಿ ಸೇತುವೆ, ಅಂದರೆ ಹೂವು ನೋಡುವ ಸೇತುವೆ. ಮರದ್ದು. ಇದರ ನಡುವೆ ನಿಂತು ನೀರು ಬಂದ ಕಡೆಗೆ ತಿರುಗಿ. ಎರಡೂ ದಡದ ಚೆರ್ರಿ ಕೊಂಬೆಗಳು ನೀರಿನ ಮೇಲೆ ಬಾಗಿರುತ್ತವೆ. ಹಗಲಿನಲ್ಲಿ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬೆಳಗ್ಗೆ 5.20ಕ್ಕೆ ನಾನು ನಿಂತಾಗ ಇದ್ದದ್ದು ನೀರಿನ ಸದ್ದು, ದೂರದಲ್ಲಿ ಯಾರೋ ಜಲ್ಲಿಯ ಮೇಲೆ ನಡೆಯುವ ಸದ್ದು, ಅಷ್ಟೇ.

ಸೇತುವೆಯ ಹತ್ತಿರ ನೆಯಾಗರಿ ಪೈನ್ ಮರ ಇದೆ, ಬೇರೆದ್ದ ಪೈನ್ ಅಂತ ಅರ್ಥ. ನಲವತ್ತಕ್ಕೂ ಜಾಸ್ತಿ ಬೇರುಗಳು ಎರಡು ಮೀಟರ್ ಎತ್ತರಕ್ಕೆ ನೆಲದಿಂದ ಮೇಲೆದ್ದು, ಮರವನ್ನು ಹೆಗಲ ಮೇಲೆ ಹೊತ್ತ ಹಾಗಿವೆ. ಇದು ತಾನಾಗಿ ಆದದ್ದಲ್ಲ. ಎತ್ತರಕ್ಕೆ ಗುಡ್ಡೆ ಹಾಕಿದ ಮಣ್ಣಿನ ಮೇಲೆ ಎಳೆ ಗಿಡ ನೆಟ್ಟು, ಅದು ಬೆಳೆದ ಹಾಗೆ ಬುಡದ ಮಣ್ಣನ್ನು ತೆಗೆಯುತ್ತಾ ಬಂದದ್ದು. ನೆಡಿಸಿದವನು ನರಿಯಾಸು ಅಂತ ಹೇಳುತ್ತಾರೆ. ಕೈಕೆಲಸ ಮತ್ತು ಹಳೆಯತನ ಅನ್ನುವ ಒಗ್ಗದ ಜೋಡಿ ಇಲ್ಲಿ ಒಂದೇ ಮರದಲ್ಲಿ ಕಾಣುತ್ತದೆ. ಅಲ್ಲೇ ಪಕ್ಕದಲ್ಲಿ 1880ರ ದೊಡ್ಡ ಕಂಚಿನ ಪ್ರತಿಮೆಯೂ ಇದೆ, ಅದನ್ನು ಆಮೇಲೆ ನೋಡಬಹುದು.

ತೊರೆಯ ಮೇಲೆ ಮುಂದೆ ಸಿಗುವುದು ಗಂಕೋಬಾಶಿ. 11 ಕೆಂಗಲ್ಲುಗಳನ್ನು ಹೆಬ್ಬಾತುಗಳು ಸಾಲಾಗಿ ಹಾರುವ ಹಾಗೆ ಜೋಡಿಸಿದ್ದಾರೆ. ಕಲ್ಲು ಸವೆದಿರುವುದರಿಂದ ಈಗ ಅದರ ಮೇಲೆ ಹತ್ತಲು ಬಿಡುವುದಿಲ್ಲ.

ಆಮೇಲೆ ನೀರು ಅಗಲವಾಗುತ್ತದೆ. ಇದೇ ಕಸುಮಿಗಾಯಿಕೆ, ಮಂಜಿನ ಕೊಳ. ನರಿಯಾಸು 1837ರಲ್ಲಿ ಅಗೆಸಿ ದೊಡ್ಡದು ಮಾಡಿದ್ದು. ತೆಗೆದ ಮಣ್ಣನ್ನು ದೂರ ಸಾಗಿಸಲಿಲ್ಲ. ಆಚೆ ದಡದಲ್ಲಿ ಕಾಣುವ ಸಜಾಯೆಯಾಮಾ ಗುಡ್ಡ ಆ ಮಣ್ಣೇ. ಶಂಖದ ಸುರುಳಿಯ ಹಾಗೆ ದಾರಿ ಸುತ್ತಿಕೊಂಡು ಮೇಲೆ ಹೋಗುತ್ತದೆ. ಒಂಬತ್ತು ಮೀಟರ್ ಎತ್ತರ, ಸುಲಭವಾಗಿ ಹತ್ತಬಹುದು. ಈ ದಡದಲ್ಲಿ ಕರಾಸಾಕಿ ಪೈನ್ ಕೊಂಬೆಗಳನ್ನು ನೀರಿನ ಮೇಲೆ ಚಾಚಿಕೊಂಡಿದೆ. ಬಿವಾ ಸರೋವರದ ದಡದ ಕರಾಸಾಕಿಯಿಂದ ಬೀಜ ತರಿಸಿ ಬೆಳೆಸಿದ ಮರ. ಚಳಿಗಾಲದಲ್ಲಿ ಆ 800 ಹಗ್ಗಗಳು ಎತ್ತಿ ಹಿಡಿದದ್ದು ಇದೇ ಕೊಂಬೆಗಳನ್ನು.

ಎಲ್ಲರೂ ಸಾಲು ನಿಲ್ಲುವ ಕೊತೋಜಿ ಕಲ್ಲುದೀಪ ಈ ಕೊಳದ ಅಂಚಿನಲ್ಲಿದೆ. 2.67 ಮೀಟರ್ ಎತ್ತರ. ಒಂದು ಕಾಲು ನೀರಿನಲ್ಲಿ, ಇನ್ನೊಂದು ಗಿಡ್ಡ ಕಾಲು ದಡದ ಕಲ್ಲಿನ ಮೇಲೆ. ಕೊತೋ ಅನ್ನುವುದು ಜಪಾನಿನ ತಂತಿವಾದ್ಯ. ಅದರ 13 ತಂತಿಗಳನ್ನು ಎತ್ತಿ ಹಿಡಿಯುವ ಕವಲುಗಾಲಿನ ತುಂಡಿಗೆ ಕೊತೋಜಿ ಅನ್ನುತ್ತಾರೆ, ನಮ್ಮ ವೀಣೆಯ ಕುದುರೆ ಇದ್ದ ಹಾಗೆ. ಕುದುರೆ ಅಂದುಕೊಂಡು ನೋಡಿ. ಆಗ ಕೊಳವೇ ವಾದ್ಯ, ನೀರಿನ ಗೆರೆಗಳೇ ತಂತಿ ಅನ್ನಿಸುತ್ತದೆ. ಮುಂದಿರುವ ಪುಟ್ಟ ಕಲ್ಲುಸೇತುವೆಯ ಮೇಲಿಂದ ಚೆನ್ನಾಗಿ ಕಾಣುತ್ತದೆ. ಬೆಳಗ್ಗೆ ಆದರೆ ಹತ್ತು ನಿಮಿಷ ನಿಂತರೂ ಯಾರೂ ಹಿಂದಿನಿಂದ ಕೆಮ್ಮುವುದಿಲ್ಲ.

ಇಲ್ಲಿಂದ ದಾರಿ ಇಳಿಯುತ್ತದೆ. ನೀರೂ ಇಳಿಯುತ್ತದೆ. ಮೊದಲು ಸಿಗುವ ಕಾರಂಜಿಯನ್ನು ಯಾರೂ ಸರಿಯಾಗಿ ನೋಡುವುದಿಲ್ಲ, ಯಾಕೆಂದರೆ ಅದು ಚಿಕ್ಕದು. ಸುಮಾರು 3.5 ಮೀಟರ್ ಅಷ್ಟೇ. ಆದರೆ ಇದು 1861ರದ್ದು, ಜಪಾನಿನ ಅತಿ ಹಳೆಯ ಕಾರಂಜಿ ಅನ್ನುತ್ತಾರೆ. ಮೋಟರಿಲ್ಲ. ಮೇಲಿನ ಕೊಳದ ನೀರಿನ ಒತ್ತಡದಿಂದ ಚಿಮ್ಮುತ್ತದೆ. ಕೊಳದ ಮಟ್ಟ ಇಳಿದರೆ ಕಾರಂಜಿಯೂ ಇಳಿಯುತ್ತದೆ. ಮತ್ತೆ ಅದೇ ಟ್ಯೂಬಿನ ಉಪಾಯ.

ಇನ್ನೂ ಕೆಳಗೆ ಹೋದರೆ ಮರಗಳ ನೆರಳು ದಟ್ಟವಾಗುತ್ತದೆ, ಬಯಲು ಹಿಂದೆ ಉಳಿಯುತ್ತದೆ. ಸದ್ದು ಮೊದಲು ಕೇಳುತ್ತದೆ, ಆಮೇಲೆ ಕಾಣುತ್ತದೆ ಮಿದೋರಿ ತಾಕಿ, ಹಸಿರು ಜಲಪಾತ. 6.6 ಮೀಟರ್ ಎತ್ತರ, 1.6 ಮೀಟರ್ ಅಗಲ. ಮೇಲಿನ ಕೊಳದ ನೀರು ಇಲ್ಲಿ ಹಿಸಾಗೋಯಿಕೆ ಅನ್ನುವ ಕೊಳಕ್ಕೆ ಬೀಳುತ್ತದೆ. ಕೊಳದ ಪಕ್ಕದಲ್ಲಿ ಯೂಗಾವೊ ಅನ್ನುವ ಚಹಾ ಮನೆ, 1774ರದ್ದು, ತೋಟದಲ್ಲಿ ಉಳಿದಿರುವ ಕಟ್ಟಡಗಳಲ್ಲಿ ಅತಿ ಹಳೆಯದು. 1676ರಲ್ಲಿ ತ್ಸುನನೋರಿ ಶುರುಮಾಡಿದ್ದು ಇದೇ ಜಾಗದಿಂದ.

ಈಗ ಹಿಂದೆ ಹೇಳಿದ ಮಾತು ನೆನಪು ಮಾಡಿಕೊಳ್ಳಿ. ತೋಟ ಕೆಳಗಿನಿಂದ ಮೇಲಕ್ಕೆ ಬೆಳೆಯಿತು, ನೀರು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ನೀವು ನೀರಿನ ಜೊತೆ ಮುಂದೆ ಮುಂದೆ ನಡೆದಿರಿ, ಆದರೆ ಕಾಲದಲ್ಲಿ ಹಿಂದೆ ಹಿಂದೆ ಹೋದಿರಿ. ಮೇಲೆ 19ನೇ ಶತಮಾನದ ಬಿಸಿಲು ಬಯಲು, ಕೆಳಗೆ 17ನೇ ಶತಮಾನದ ನೆರಳು. ಕತ್ಸುರಾಜಾಕಾದಿಂದ ಒಳಗೆ ಹೋದವರಿಗೆ ಇದು ಕಾಣುವುದಿಲ್ಲ, ಅವರು ನಡುವಿನ ಪುಟದಿಂದ ಓದಲು ಶುರುಮಾಡಿರುತ್ತಾರೆ.

ಗಡಿಯಾರ ನೋಡಿ. 6.45ಕ್ಕೆ ಮುಂಚೆ ಪಕ್ಕದ ರೆನ್‌ಚಿಮೊನ್ ಬಾಗಿಲಿನಿಂದ ಹೊರಗೆ ಬನ್ನಿ.

ಟಿಕೆಟ್ ತೆಗೆದುಕೊಂಡು ಮತ್ತೆ ಒಳಗೆ

ತಿಂಡಿ ತಿಂದು ವಾಪಸ್ ಬನ್ನಿ. ಈ ಸಲ ನಡೆಯಲು ಅಲ್ಲ, ಕೂರಲು. ತೋಟದೊಳಗಿನ ಶಿಗುರೆ ಚಹಾ ಮನೆಯಲ್ಲಿ ಮಾಚ್ಚಾ, ಅಂದರೆ ಹಸಿರು ಚಹಾ ಪುಡಿಯನ್ನು ಕಡೆದು ಮಾಡಿದ ಚಹಾ ಕೊಡುತ್ತಾರೆ, ಜೊತೆಗೊಂದು ಸಿಹಿ. ಕ್ಯೋಟೋ, ಮತ್ಸುಯೆ ಊರುಗಳ ಜೊತೆಗೆ ಸಿಹಿತಿಂಡಿಗೆ ಹೆಸರಾದ ಊರು ಕನಜಾವಾ. ಮೊದಲು ಸಿಹಿ ಪೂರ್ತಿ ತಿನ್ನಿ, ಆಮೇಲೆ ಚಹಾ ಕುಡಿಯಿರಿ. ನಮ್ಮ ಹಾಗೆ ಒಂದು ಗುಟುಕು ಒಂದು ತುತ್ತು ಮಾಡಬೇಡಿ. ಬಾಯಲ್ಲಿ ಉಳಿದ ಸಿಹಿಯ ಮೇಲೆ ಆ ಕಹಿ ಬಂದರೇನೇ ರುಚಿ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿಯಿರಿ. ಮಂಡಿಯೂರಿ ಕೂರಲು ಕಷ್ಟವಾದರೆ ಚಕ್ಕಳಮಕ್ಕಳ ಹಾಕಿ ಕೂತರೂ ಯಾರೂ ತಪ್ಪು ತಿಳಿಯುವುದಿಲ್ಲ.

ತೋಟಕ್ಕೆ ಅಂಟಿಕೊಂಡೇ ಸೆಯ್ಸೊನ್‌ಕಾಕು ಅನ್ನುವ ಮನೆ ಇದೆ. ನರಿಯಾಸು 1863ರಲ್ಲಿ ತಾಯಿಗಾಗಿ ಕಟ್ಟಿಸಿದ್ದು. ಟಿಕೆಟ್ ಬೇರೆ, ಬುಧವಾರ ಸಾಮಾನ್ಯವಾಗಿ ರಜೆ. ಮಾಳಿಗೆಯ ಒಂದು ಕೋಣೆಯ ಚಾವಣಿಗೆ ಕಡುನೀಲಿ ಬಣ್ಣ ಬಳಿದಿದ್ದಾರೆ. ಹೊರಗಿನ ಬೂದು ಆಕಾಶ ನೋಡಿ ಒಳಗೆ ಹೋದಾಗ ಆ ನೀಲಿ ಕಣ್ಣಿಗೆ ಹೊಡೆಯುತ್ತದೆ. ಕತ್ಸುರಾಜಾಕಾ ಬಾಗಿಲಿನ ಎದುರು ಸೇತುವೆ ದಾಟಿದರೆ ಕೋಟೆಯ ಇಶಿಕಾವಾ ಬಾಗಿಲು, 1788ರದ್ದು. ಚೆರ್ರಿ ಹೂವಿನ ನಡುವೆ ಆ ಬಿಳಿ ಬಾಗಿಲನ್ನು ಈ ಕಡೆಯಿಂದ ನೋಡಬೇಕು.

ಅಪ್ಪ ಅಮ್ಮನ ಜೊತೆ ಹೋಗುವವರಿಗೆ

ಮಂಡಿ ನೋವಿರುವವರನ್ನು ಕತ್ಸುರಾಜಾಕಾದ ಏರು ಹತ್ತಿಸಬೇಡಿ. ಟ್ಯಾಕ್ಸಿಯವರಿಗೆ ಕೊದಾತ್ಸುನೋ ಬಾಗಿಲು ಅಂತ ಹೇಳಿ. ಅಲ್ಲಿಂದ ಮೇಲಿನ ಬಯಲು ಹೆಚ್ಚುಕಡಿಮೆ ಮಟ್ಟಸ. ಯಮಾಜಾಕಿಯಾಮಾ, ಹನಾಮಿ ಸೇತುವೆ, ಬೇರೆದ್ದ ಪೈನ್, ದೊಡ್ಡ ಕೊಳ, ಇಷ್ಟನ್ನೂ ನಿಧಾನವಾಗಿ ನೋಡಿ ಅದೇ ದಾರಿಯಲ್ಲಿ ವಾಪಸ್ ಬರಬಹುದು. ನನ್ನ ಅಮ್ಮನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ಬೇರುಗಳು. ನಮ್ಮ ಮನೆಯವರು ಜಲಪಾತಕ್ಕೆ ಇಳಿದು ಬರುವ ತನಕ ಅವರು ಅಲ್ಲೇ ನಿಂತು ನೋಡುತ್ತಿದ್ದರು.

ಮಕ್ಕಳಿಗೆ ಮೊದಲೇ ಹೇಳಿಡಿ: ಪಾಚಿಯ ಮೇಲೆ ಕಾಲಿಡುವ ಹಾಗಿಲ್ಲ, ಕೊಂಬೆ ಎಳೆದು ಫೋಟೊ ತೆಗೆಯುವ ಹಾಗಿಲ್ಲ, ಮರ ಅಲ್ಲಾಡಿಸಿ ಹೂವು ಬೀಳಿಸುವ ಹಾಗಿಲ್ಲ. ದೊಡ್ಡವರಿಗೂ ಇದೇ ಮಾತು. ಚೆರ್ರಿ ಕೊಂಬೆ ಮುರಿದರೆ ಗಾಯ ಬೇಗ ಕೊಳೆಯುತ್ತದೆ. ಕಸದ ಬುಟ್ಟಿ ಹುಡುಕಬೇಡಿ, ಒಂದು ಚೀಲ ಇಟ್ಟುಕೊಂಡು ರೂಮಿಗೆ ತನ್ನಿ.

ಸಸ್ಯಾಹಾರಿಗಳ ಊಟ

ಇದು ಕಡಲ ಊರು. ನೋಡಲು ತರಕಾರಿಯೇ ಇದ್ದರೂ ಸಾರಿನಲ್ಲಿ ದಾಶಿ, ಅಂದರೆ ಮೀನು ಹಾಕಿ ಕಾಯಿಸಿದ ತಿಳಿನೀರು ಇರುತ್ತದೆ. ಮಿಸೊ ಸೂಪು, ಉದೋನ್ ನೂಡಲ್ಸ್, ಬೇಯಿಸಿದ ತರಕಾರಿ, ಎಲ್ಲದರಲ್ಲೂ ಇರಬಹುದು. ಮಾಂಸ ಬೇಡ ಅಂದರೆ ಸಾಲದು, ಮೀನಿನ ದಾಶಿಯೂ ಬೇಡ ಅಂತ ಜಪಾನಿ ಭಾಷೆಯಲ್ಲಿ ಬರೆದ ಚೀಟಿ ಇಟ್ಟುಕೊಳ್ಳಿ. ಬೆಳಗಿನ ನಡಿಗೆಯ ಹಿಂದಿನ ರಾತ್ರಿಯೇ ಅಂಗಡಿಯಿಂದ ಉಪ್ಪಿನ ಅನ್ನದ ಉಂಡೆ, ಬಾಳೆಹಣ್ಣು ತಂದಿಡಿ. ನಾವು ಮನೆಯಿಂದ ಪುಳಿಯೋಗರೆ ಗೊಜ್ಜು ಒಯ್ದಿದ್ದೆವು, ಬಿಳಿ ಅನ್ನ ಎಲ್ಲ ಕಡೆ ಸಿಗುತ್ತದೆ. ಆದರೆ ಇದು ಚಾಪೆ ಹಾಸಿ ಬುತ್ತಿ ಬಿಚ್ಚುವ ತೋಟ ಅಲ್ಲ. ತಿನ್ನುವುದನ್ನು ಹೊರಗೆ ಮುಗಿಸಿಕೊಳ್ಳಿ. ತೋಟದ ಸುತ್ತಲಿನ ಚಹಾ ಅಂಗಡಿಗಳಲ್ಲಿ ಹೆಸರುಕಾಳಿನ ಜಾತಿಗೆ ಹತ್ತಿರದ ಕೆಂಪು ಕಾಳಿನ ಹೂರಣ ಹಾಕಿದ ದಾಂಗೊ, ಅಂದರೆ ಅಕ್ಕಿಹಿಟ್ಟಿನ ಉಂಡೆ ಸಿಗುತ್ತದೆ, ಹೋಳಿಗೆಯ ಹೂರಣ ಇಷ್ಟಪಡುವವರಿಗೆ ಅದು ಹಿಡಿಸುತ್ತದೆ.

ರಾತ್ರಿಯ ದೀಪ, ಮತ್ತು ಇನ್ನೊಂದು ಬೆಳಗು

ಹೂವಿನ ವಾರದ ರಾತ್ರಿ ದೀಪಗಳು ಚೆನ್ನಾಗಿರುತ್ತವೆ, ಜನವೂ ವಿಪರೀತ. ಹೋಗುವುದಾದರೆ ಕತ್ತಲಾದ ಕೂಡಲೇ ಹೋಗಬೇಡಿ. ಮುಚ್ಚುವುದಕ್ಕೆ ಒಂದು ಗಂಟೆ ಮುಂಚೆ ಹೋಗಿ, ಸಾಲು ಕರಗಿರುತ್ತದೆ.

ಎರಡು ರಾತ್ರಿ ಉಳಿದಿದ್ದರೆ ಎರಡನೇ ಬೆಳಗ್ಗೆಯೂ ಅದೇ ಜುಯಿಶಿನ್‌ಜಾಕಾ ಬಾಗಿಲಿಗೆ ಹೋಗಿ. ರಾತ್ರಿ ಮಳೆ ಬಂದಿದ್ದರಂತೂ ಖಂಡಿತ. ಉದುರಿದ ಎಸಳುಗಳು ನೀರಿನ ಮೇಲೆ ಒತ್ತಾಗಿ ಸೇರಿಕೊಂಡು ಒಟ್ಟಿಗೆ ತೇಲುವುದಕ್ಕೆ ಜಪಾನಿಯಲ್ಲಿ ಹನಾ-ಇಕಾದಾ ಅಂತ ಹೆಸರಿದೆ, ಹೂವಿನ ತೆಪ್ಪ ಅಂತ. ಹನಾಮಿ ಸೇತುವೆಯ ಮೇಲಿಂದ ಒಂದು ತೆಪ್ಪ ಗುರುತಿಟ್ಟುಕೊಂಡು, ದಡದಲ್ಲಿ ಅದರ ಜೊತೆಗೇ ನಡೆಯಿರಿ. ಬಳುಕಿನಲ್ಲಿ ನಿಲ್ಲುತ್ತದೆ, ಬಿಡಿಸಿಕೊಳ್ಳುತ್ತದೆ, ಮತ್ತೆ ಹೊರಡುತ್ತದೆ. ದೊಡ್ಡ ಕೊಳ ಮುಟ್ಟಲು ಅದಕ್ಕೆ ಬೇಕಾದಷ್ಟು ಹೊತ್ತನ್ನು ನೀವೂ ತೆಗೆದುಕೊಳ್ಳಿ.